ಗಂಡೋ ಹೆಣ್ಣೋ: ದೇಹ ತೀರ್ಮಾನಿಸುವುದು ಎಲ್ಲಿ?

ಹೆಣ್ಣು ಹೆತ್ತಳೆಂದು ಸೊಸೆಯನ್ನು ಜರೆಯುವವರಿಗೆ ಹೈಸ್ಕೂಲಿನ ಜೀವಶಾಸ್ತ್ರ ಒಂದು ಸರಳ ಉತ್ತರ ಇಟ್ಟುಕೊಂಡಿದೆ. ತಾಯಿಯ ಅಂಡಾಣುವಿನಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯ ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಈ ಪಾಠ ಕಲಿತ ಮೇಲೂ ನಾವು ಬದಲಾಗಿಲ್ಲ ಎಂಬುದಕ್ಕೆ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ 2023ರ ಕೊನೆಯಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದೇ ಸಾಕ್ಷಿ. ಅದರ ವಿರುದ್ಧದ ಕಾಯ್ದೆ ಬಂದಿದ್ದು 1994ರಲ್ಲಿ.

ಆದರೆ ಪಾಠಪುಸ್ತಕದ ಆ ಉತ್ತರ ಮೊದಲ ಹೆಜ್ಜೆಗೇ ನಿಂತುಬಿಡುತ್ತದೆ. ವೈ ಇದ್ದೂ ಹೆಣ್ಣಾಗಿ ಬೆಳೆದವರಿದ್ದಾರೆ, ಎರಡು ಎಕ್ಸ್ ಇದ್ದೂ ಗಂಡಾಗಿ ಹುಟ್ಟಿದವರಿದ್ದಾರೆ. ಇವರನ್ನು ಅಪರೂಪದ ವಿಚಿತ್ರಗಳೆಂದು ಬದಿಗಿಟ್ಟರೆ ನಮ್ಮೆಲ್ಲರ ದೇಹ ಹೇಗೆ ಆಯಿತು ಎಂಬುದೇ ತಿಳಿಯುವುದಿಲ್ಲ, ಏಕೆಂದರೆ ಸಹಜ ಬೆಳವಣಿಗೆಯ ಬಗ್ಗೆ ವಿಜ್ಞಾನಕ್ಕೆ ಗೊತ್ತಾದುದರಲ್ಲಿ ಅರ್ಧಕ್ಕರ್ಧ ಇಂಥವರಿಂದಲೇ ಗೊತ್ತಾದದ್ದು. ಗಂಡು ಹೆಣ್ಣಿನ ತೀರ್ಮಾನ ಆಗುವ ಒಂದೇ ಒಂದು ಜಾಗಕ್ಕಾಗಿ ನೂರಿಪ್ಪತ್ತು ವರ್ಷಗಳಿಂದ ಹುಡುಕಾಟ ನಡೆದಿದೆ. ಸಿಕ್ಕಿತು ಎಂದುಕೊಂಡಾಗಲೆಲ್ಲ ಅದರ ಹಿಂದೆ ಇನ್ನೊಂದು, ಮುಂದೆ ಮತ್ತೊಂದು ಕಾಣಿಸಿವೆ.

1905ರಲ್ಲಿ ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿದ್ದ ನೆಟ್ಟಿ ಸ್ಟೀವನ್ಸ್ ಹಿಟ್ಟಿನ ಹುಳುಗಳ ಜೀವಕೋಶಗಳಲ್ಲಿ ಗಂಡಿಗೆ ಮಾತ್ರ ಒಂದು ಗಿಡ್ಡ ವರ್ಣತಂತು ಇರುವುದನ್ನು ಕಂಡರು. ಎಡ್ಮಂಡ್ ವಿಲ್ಸನ್ ಅದೇ ವರ್ಷ ಬೇರೆ ಕೀಟಗಳಲ್ಲಿ ಇಂಥದೇ ತೀರ್ಮಾನಕ್ಕೆ ಬಂದರು. ಮನುಷ್ಯನಲ್ಲಿ ವೈ ಏನು ಮಾಡುತ್ತದೆ ಎಂಬುದು ಮಾತ್ರ ಅರ್ಧ ಶತಮಾನ ಗೊತ್ತಾಗಲಿಲ್ಲ. ಹಣ್ಣಿನ ನೊಣದಲ್ಲಿ ಗಂಡುತನವನ್ನು ವೈ ತರುವುದಿಲ್ಲ, ಎಕ್ಸ್ ಎಷ್ಟಿದೆ ಎಂಬುದರ ಮೇಲೆ ಅದು ನಿಂತಿದೆ. ಮನುಷ್ಯನಲ್ಲೂ ಹಾಗೇ ಇರಬೇಕೆಂದು ಹಲವರು ನಂಬಿದ್ದರು. ಮನುಷ್ಯನ ವರ್ಣತಂತುಗಳು 46 ಎಂದು ಸರಿಯಾಗಿ ಎಣಿಸಿದ್ದೇ 1956ರಲ್ಲಿ. ಮೂರು ವರ್ಷದ ನಂತರ ಎರಡು ಎಕ್ಸ್ ಜೊತೆ ಒಂದು ವೈ ಇದ್ದವರು ಗಂಡಸರು (ಕ್ಲೈನ್‌ಫೆಲ್ಟರ್), ಒಂದೇ ಎಕ್ಸ್ ಇದ್ದು ವೈ ಇಲ್ಲದವರು ಹೆಂಗಸರು (ಟರ್ನರ್) ಎಂದು ಬ್ರಿಟನ್ನಿನ ಪ್ರಯೋಗಾಲಯಗಳು ತೋರಿಸಿದಾಗ ನೊಣದ ಲೆಕ್ಕ ಬಿದ್ದುಹೋಯಿತು. ಮನುಷ್ಯನಲ್ಲಿ ಗಂಡುತನದ ದಾರಿ ಹಿಡಿಸುವುದು ವೈ.

ಹೇಗೆ ಹಿಡಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಬೇರೆ ದಿಕ್ಕಿನಿಂದ ಬರುತ್ತಿತ್ತು. ದನ ಕಟ್ಟಿದವರಿಗೆಲ್ಲ ಗೊತ್ತಿರುವ ವಿಷಯದಿಂದಲೇ ಅದನ್ನು ಶುರು ಮಾಡಬಹುದು. ಹಸು ಅವಳಿ ಹಾಕಿ, ಒಂದು ಹೋರಿಗರು ಇನ್ನೊಂದು ಹೆಣ್ಣುಗರು ಆದರೆ, ಆ ಹೆಣ್ಣುಗರು ದೊಡ್ಡದಾದ ಮೇಲೆ ಬಹುಪಾಲು ಗೊಡ್ಡು. 1916ರಲ್ಲಿ ಫ್ರಾಂಕ್ ಲಿಲ್ಲಿ ಷಿಕಾಗೋದ ಕಸಾಯಿಖಾನೆಗಳಿಂದ ತರಿಸಿದ ಅವಳಿ ಭ್ರೂಣಗಳನ್ನು ಕೊಯ್ದು ನೋಡಿ, ಎರಡರ ಮಾಸಿನ ರಕ್ತನಾಳಗಳು ಕೂಡಿಕೊಂಡಿರುವುದನ್ನು ತೋರಿಸಿದರು. ಹೋರಿಯ ರಕ್ತದಲ್ಲಿ ಹರಿದು ಬಂದದ್ದು ಏನೋ ಹೆಣ್ಣುಗರುವಿನ ಒಳಾಂಗಗಳನ್ನು ಕೆಡಿಸಿದೆ ಎಂದು ಅವರು ಊಹಿಸಿದರು. ಹಾರ್ಮೋನುಗಳ ಅಧ್ಯಯನ ಆಗಿನ್ನೂ ಎಳೆಯದು. (ಮನೆಯಲ್ಲಿ ಗಂಡು ಹೆಣ್ಣು ಅವಳಿ ಮಕ್ಕಳಿರುವವರು ಗಾಬರಿಯಾಗಬೇಕಿಲ್ಲ. ಮನುಷ್ಯರಲ್ಲಿ ಅಂಥ ಅವಳಿಗಳ ರಕ್ತನಾಳಗಳು ಹೀಗೆ ಕೂಡಿಕೊಳ್ಳುವುದು ತೀರ ವಿರಳ.)

ಆ ‘ಏನೋ’ ಯಾವುದೆಂದು ಬಿಡಿಸಿದವರು ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್. ಅವರ ಪ್ರಯೋಗ ಅರ್ಥವಾಗಬೇಕಾದರೆ ಭ್ರೂಣದ ಒಳಗನ್ನು ಸ್ವಲ್ಪ ನೋಡಬೇಕು. ಆರು ವಾರಗಳವರೆಗೆ ಮನುಷ್ಯ ಭ್ರೂಣದ ಜನನಾಂಗಗಳಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಕಾಣದು. ವೃಷಣವೂ ಆಗಬಲ್ಲ, ಅಂಡಾಶಯವೂ ಆಗಬಲ್ಲ ಒಂದು ಜೊತೆ ಗ್ರಂಥಿಗಳಿರುತ್ತವೆ. ಅವುಗಳ ಪಕ್ಕ ಎರಡು ಜೊತೆ ನಾಳಗಳು ಇಳಿದಿರುತ್ತವೆ: ಒಂದು ವೂಲ್ಫ್ ನಾಳ, ಇನ್ನೊಂದು ಮ್ಯೂಲರ್ ನಾಳ. ಮೊದಲನೆಯದು ಉಳಿದರೆ ವೀರ್ಯ ಸಾಗಿಸುವ ಕೊಳವೆಗಳಾಗುತ್ತದೆ, ಎರಡನೆಯದು ಉಳಿದರೆ ಅಂಡನಾಳ, ಗರ್ಭಕೋಶಗಳಾಗುತ್ತದೆ. ಹೊರಗೆ ಒಂದು ಸಣ್ಣ ಉಬ್ಬು, ಅದರ ಎರಡೂ ಬದಿಗೆ ಮಡಿಕೆಗಳು. ಉಬ್ಬು ಶಿಶ್ನವೂ ಆದೀತು, ಭಗಾಂಕುರವೂ ಆದೀತು. ಹೊರ ಮಡಿಕೆಗಳು ಕೂಡಿದರೆ ವೃಷಣಚೀಲ, ಕೂಡದಿದ್ದರೆ ಯೋನಿಯ ಹೊರತುಟಿ. ಎಲ್ಲ ಮನುಷ್ಯರೂ ಎರಡೂ ಬಗೆಯ ಸಾಮಗ್ರಿ ಇಟ್ಟುಕೊಂಡೇ ಹೊರಟವರು.

ಜೋಸ್ಟ್ ಬಸಿರಾದ ಮೊಲದ ಹೊಟ್ಟೆ ಕೊಯ್ದು, ಗರ್ಭಕೋಶದೊಳಗಿನ ಪುಟ್ಟ ಭ್ರೂಣದ ಗ್ರಂಥಿಗಳನ್ನು ತೆಗೆದು, ಮತ್ತೆ ಹೊಲಿದು ಬೆಳೆಯಲು ಬಿಟ್ಟರು. 1940ರ ದಶಕದ ಉಪಕರಣಗಳಲ್ಲಿ ಇದನ್ನು ಮಾಡಿದ್ದು ಕೈಚಳಕದ ಮಾತು. ಗ್ರಂಥಿ ಕಳೆದುಕೊಂಡ ಭ್ರೂಣಗಳ ವರ್ಣತಂತು ಏನೇ ಇರಲಿ, ಎಲ್ಲವಕ್ಕೂ ಗರ್ಭಕೋಶ ಮೂಡಿತು, ಹೊರಗಿನ ರೂಪವೂ ಹೆಣ್ಣಿನದೇ ಆಯಿತು. ಅಂದರೆ ವೈ ನೇರವಾಗಿ ದೇಹವನ್ನು ಗಂಡಾಗಿಸುವುದಿಲ್ಲ. ಅದು ಮಾಡಿಸುವುದು ವೃಷಣವನ್ನು, ಉಳಿದದ್ದನ್ನು ವೃಷಣ ಮಾಡುತ್ತದೆ. ನಂತರ ಅವರು ವೃಷಣದ ಬದಲು ಟೆಸ್ಟೋಸ್ಟೆರಾನಿನ ಹರಳನ್ನು ಇಟ್ಟು ನೋಡಿದರು. ವೂಲ್ಫ್ ನಾಳ ಉಳಿಯಿತು, ಆದರೆ ಮ್ಯೂಲರ್ ನಾಳ ಅಳಿಯಲಿಲ್ಲ. ಹಾಗಾದರೆ ಅದನ್ನು ಅಳಿಸಲು ವೃಷಣ ಇನ್ನೊಂದು ರಾಸಾಯನಿಕ ಸುರಿಸುತ್ತಿರಬೇಕು. ಆ ಎರಡನೆಯದೇ ಇಂದು ಎಎಂಎಚ್ ಎಂದು ಕರೆಯುವ ಹಾರ್ಮೋನು. ಅದರ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ, ಜೋಸ್ಟ್ ಊಹಿಸಿ ಸುಮಾರು ನಲವತ್ತು ವರ್ಷದ ಮೇಲೆ. ಮಕ್ಕಳಾಗದೆ ಐವಿಎಫ್ ಕೇಂದ್ರಗಳಿಗೆ ಅಲೆಯುವ ಹೆಂಗಸರ ರಕ್ತದ ರಿಪೋರ್ಟಿನಲ್ಲಿ ಕಾಣುವ ಎಎಂಎಚ್ ಇದೇ. ಭ್ರೂಣದಲ್ಲಿ ಗರ್ಭಕೋಶವನ್ನು ಅಳಿಸುವ ಹಾರ್ಮೋನನ್ನೇ ವಯಸ್ಕಳ ಅಂಡಾಶಯವೂ ಸ್ರವಿಸುತ್ತದೆ. ಅದರ ಮಟ್ಟ ನೋಡಿ ಉಳಿದ ಅಂಡಗಳ ಅಂದಾಜು ಮಾಡುತ್ತಾರೆ.

ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದ, ಹೆಂಡತಿ ಮಕ್ಕಳಿರುವ ಗಂಡಸಿನ ಹೊಟ್ಟೆಯಲ್ಲಿ ಗರ್ಭಕೋಶ ಸಿಕ್ಕಿತು ಎಂಬ ಸುದ್ದಿ ಆಗೀಗ ಪತ್ರಿಕೆಗಳಲ್ಲಿ ಬರುವುದುಂಟು. ಅದು ಪವಾಡವೇನಲ್ಲ. ಎಎಂಎಚ್ ಅಥವಾ ಅದರ ಗ್ರಾಹಿ ಕೆಲಸ ಮಾಡದಿದ್ದಾಗ ಹೀಗಾಗುತ್ತದೆ: ಟೆಸ್ಟೋಸ್ಟೆರಾನ್ ತನ್ನ ಕೆಲಸ ಮುಗಿಸಿದೆ, ಅಳಿಸಬೇಕಾದ್ದು ಅಳಿಯದೆ ಉಳಿದಿದೆ.

ಇನ್ನು ವೈ ಮೇಲಿನ ಸ್ವಿಚ್ಚು. ವರ್ಣತಂತುವಿನಲ್ಲಿ ಗಂಡುತನದ ಜೀನ್ ಎಲ್ಲಿದೆ ಎಂಬ ಬೇಟೆಯಲ್ಲಿ 1987ರಲ್ಲಿ ಅಮೆರಿಕದ ಡೇವಿಡ್ ಪೇಜ್ ತಂಡ ಒಂದನ್ನು ಹಿಡಿದು ತೋರಿಸಿತು, ಅದು ತಪ್ಪು ಜೀನ್ ಎಂದು ಬೇಗನೆ ಗೊತ್ತಾಯಿತು. 1990ರಲ್ಲಿ ಲಂಡನ್ನಿನ ಆಂಡ್ರ್ಯೂ ಸಿಂಕ್ಲೇರ್, ಪೀಟರ್ ಗುಡ್‌ಫೆಲೋ, ರಾಬಿನ್ ಲವೆಲ್-ಬ್ಯಾಜ್ ಮತ್ತು ಜೊತೆಗಾರರು ಎಸ್‌ಆರ್‌ವೈ ಎಂಬ ಜೀನನ್ನು ಪ್ರಕಟಿಸಿದರು. ಮರುವರ್ಷ ಎರಡು ಎಕ್ಸ್ ಇರುವ ಇಲಿಯ ಭ್ರೂಣಕ್ಕೆ ಇದೊಂದನ್ನೇ ಸೇರಿಸಿದಾಗ ವೃಷಣವಿರುವ ಗಂಡಿಲಿ ಹುಟ್ಟಿತು. 204 ಅಮೈನೋ ಆಮ್ಲಗಳ ಸಣ್ಣ ಪ್ರೋಟೀನು, ಭ್ರೂಣದ ಆರೇಳನೇ ವಾರದಲ್ಲಿ ಕೆಲಸ ಶುರು ಮಾಡಿ ಸಾಕ್ಸ್9 ಎಂಬ ಇನ್ನೊಂದು ಜೀನನ್ನು ಎಬ್ಬಿಸುತ್ತದೆ. ಮುಂದಿನದನ್ನು ಸಾಕ್ಸ್9 ನೋಡಿಕೊಳ್ಳುತ್ತದೆ. ಇಲಿಯಲ್ಲಿ ಈ ಸ್ವಿಚ್ಚು ಕೆಲವೇ ಗಂಟೆ ತಡವಾಗಿ ಒತ್ತಿದರೂ ಗ್ರಂಥಿ ಅಂಡಾಶಯದ ದಾರಿ ಹಿಡಿದುಬಿಡುತ್ತದೆ. ತಂದೆಯ ವೀರ್ಯಾಣು ತಯಾರಾಗುವಾಗ ಎಸ್‌ಆರ್‌ವೈ ತುಣುಕು ಎಕ್ಸ್ ಮೇಲೆ ಜಿಗಿದರೆ ಎರಡು ಎಕ್ಸ್ ಇರುವ ಗಂಡು ಹುಟ್ಟುತ್ತಾನೆ. ಸುಮಾರು ಇಪ್ಪತ್ತು ಸಾವಿರ ಗಂಡಸರಲ್ಲಿ ಒಬ್ಬ. ನೋಡಲು ಬೇರೆ ಗಂಡಸರಂತೆಯೇ ಇರುವ ಅವನಿಗೆ ವಿಷಯ ತಿಳಿಯುವುದು ಹೆಚ್ಚಾಗಿ ಮಕ್ಕಳಾಗಲಿಲ್ಲವೆಂದು ಪರೀಕ್ಷೆಗೆ ಹೋದಾಗ.

ಇಲ್ಲಿಗೆ ಒಂದು ಚಂದದ ಕಥೆ ಕಟ್ಟಿಕೊಂಡಿತು. ದೇಹದ ಮೂಲ ರೂಪ ಹೆಣ್ಣು, ಏನೂ ಮಾಡದೆ ಬಿಟ್ಟರೆ ಹೆಣ್ಣಾಗುತ್ತದೆ, ಗಂಡಾಗಲು ಮಾತ್ರ ಪ್ರಯತ್ನ ಬೇಕು ಎಂಬ ಕಥೆ. ವೈದ್ಯಕೀಯ ಪುಸ್ತಕಗಳಲ್ಲೂ ಭಾಷಣಗಳಲ್ಲೂ ಇದು ಇಂದಿಗೂ ಓಡಾಡುತ್ತಿದೆ. ನನ್ನ ಮಟ್ಟಿಗೆ ಈ ಕ್ಷೇತ್ರವನ್ನು ಅತಿ ಹೆಚ್ಚು ಕಾಲ ದಾರಿ ತಪ್ಪಿಸಿದ್ದು ಇದೇ. ಅಂಡಾಶಯ ತಾನಾಗಿ ಆಗಿಬಿಡುತ್ತದೆ ಎಂದು ನಂಬಿದವರು ಅದು ಹೇಗಾಗುತ್ತದೆಂದು ಹುಡುಕಲು ಹೋಗಲಿಲ್ಲ. ಹುಡುಕಿದಾಗ ಸಿಕ್ಕಿದ್ದೇ ಬೇರೆ. 2006ರಲ್ಲಿ ಇಟಲಿಯ ಒಂದು ಕುಟುಂಬದಲ್ಲಿ ಆರ್‌ಎಸ್‌ಪಿಒ1 ಎಂಬ ಜೀನ್ ಕೆಟ್ಟಿದ್ದವರು ಎರಡು ಎಕ್ಸ್ ಇದ್ದು, ಎಸ್‌ಆರ್‌ವೈ ಇಲ್ಲದೆಯೂ ವೃಷಣ ಬೆಳೆಸಿಕೊಂಡು ಗಂಡಾಗಿದ್ದರು. ಎಂದರೆ ವೃಷಣವಾಗದಂತೆ ತಡೆಯುವ ಕೆಲಸವನ್ನು ಹೆಣ್ಣಿನ ದೇಹ ಎದ್ದು ನಿಂತು ಮಾಡುತ್ತಿದೆ. 2009ರಲ್ಲಿ ಬೆಳೆದ ಹೆಣ್ಣಿಲಿಯಲ್ಲಿ ಫಾಕ್ಸ್ಎಲ್2 ಜೀನನ್ನು ಆರಿಸಿದಾಗ ಅದರ ಅಂಡಾಶಯದ ಜೀವಕೋಶಗಳು ವೃಷಣದ ಜೀವಕೋಶಗಳಂತೆ ಮಾರ್ಪಟ್ಟವು. ಎರಡು ವರ್ಷದ ಮೇಲೆ ಬೆಳೆದ ಗಂಡಿಲಿಯಲ್ಲಿ ಡಿಎಂಆರ್‌ಟಿ1 ಆರಿಸಿ ತಿರುಗುಮುರುಗನ್ನೂ ಮಾಡಿ ತೋರಿಸಿದರು. ಭ್ರೂಣದಲ್ಲಿ ಆದ ತೀರ್ಮಾನವನ್ನು ದೇಹ ಬದುಕಿನುದ್ದಕ್ಕೂ ಕಾಯುತ್ತಿರಬೇಕಾಗುತ್ತದೆ. 2017ರಲ್ಲಿ ಇನ್ನೊಂದು ಏಟು ಬಿತ್ತು. ಹೆಣ್ಣು ಭ್ರೂಣದಲ್ಲಿ ವೂಲ್ಫ್ ನಾಳ ಟೆಸ್ಟೋಸ್ಟೆರಾನ್ ಇಲ್ಲದೆ ತಾನಾಗಿ ಸೊರಗುತ್ತದೆ ಎಂಬುದು ಜೋಸ್ಟ್ ಕಾಲದ ನಂಬಿಕೆ. ಅದನ್ನು ಕೂಡ ಒಂದು ಪ್ರೋಟೀನು ಮುಂದೆ ನಿಂತು ಅಳಿಸುತ್ತದೆ ಎಂದು ಇಲಿಗಳಲ್ಲಿ ಗೊತ್ತಾಯಿತು.

ವೃಷಣ ಸಿದ್ಧವಾಗಿ ಟೆಸ್ಟೋಸ್ಟೆರಾನ್ ಹರಿದ ಮೇಲಾದರೂ ಕೆಲಸ ಮುಗಿಯಿತೇ ಎಂದರೆ, ಇಲ್ಲ. ಡೊಮಿನಿಕನ್ ರಿಪಬ್ಲಿಕ್ಕಿನ ಸಲಿನಾಸ್ ಎಂಬ ಹಳ್ಳಿಯಲ್ಲಿ ಹೆಣ್ಣುಮಕ್ಕಳೆಂದು ಸಾಕಿದ ಕೆಲವರು ಹರೆಯ ಬಂದಾಗ ಗಂಡಾಗುತ್ತಿದ್ದರು. ದನಿ ಒಡೆಯುತ್ತಿತ್ತು, ಮೈಕಟ್ಟು ಬರುತ್ತಿತ್ತು, ಶಿಶ್ನ ಬೆಳೆಯುತ್ತಿತ್ತು. ಊರಿಗೆ ಇದು ಹೊಸದಲ್ಲ, ಅವರನ್ನು ‘ಗುವೆವೆದೋಸೆಸ್’ ಎಂದು ಕರೆದು ಒಪ್ಪಿಕೊಂಡಿತ್ತು. 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಇದರ ಕಾರಣ ಪ್ರಕಟಿಸಿದರು. ಭ್ರೂಣದ ಹೊರಗಿನ ಜನನಾಂಗ ಗಂಡಿನ ರೂಪ ತಾಳಬೇಕಾದರೆ ಟೆಸ್ಟೋಸ್ಟೆರಾನ್ ಮೊದಲು ಡಿಎಚ್‌ಟಿ ಎಂಬ ಇನ್ನೂ ಪ್ರಬಲ ರೂಪಕ್ಕೆ ಬದಲಾಗಬೇಕು. ಬದಲಿಸುವ ಕಿಣ್ವ ಇವರಲ್ಲಿ ಕೆಟ್ಟಿತ್ತು. ಹರೆಯದಲ್ಲಿ ಟೆಸ್ಟೋಸ್ಟೆರಾನ್ ಉಕ್ಕಿ ಬಂದಾಗ ಅದೇ ನೇರವಾಗಿ ಕೆಲಸ ಮಾಡಿತು. ಹೆಣ್ಣಾಗಿ ಬೆಳೆಸಿದ್ದ 18 ಮಂದಿಯಲ್ಲಿ 17 ಮಂದಿ ತಾವು ಗಂಡೆಂದೇ ಗುರುತಿಸಿಕೊಂಡರು ಎಂದು 1979ರ ವರದಿ ಹೇಳಿತು. ಅವರ ಪ್ರಾಸ್ಟೇಟ್ ಗ್ರಂಥಿ ಚಿಕ್ಕದು, ತಲೆ ಬೋಳಾಗುವುದಿಲ್ಲ ಎಂಬುದನ್ನು ಔಷಧಿ ಕಂಪನಿ ಗಮನಿಸಿತು. ಆ ಕಿಣ್ವವನ್ನೇ ತಡೆಯುವ ಫಿನಾಸ್ಟೆರೈಡ್ 1992ರಲ್ಲಿ ಪ್ರಾಸ್ಟೇಟಿಗೆ, 1997ರಲ್ಲಿ ಕೂದಲುದುರುವಿಕೆಗೆ ಅಮೆರಿಕದಲ್ಲಿ ಮಂಜೂರಾಯಿತು. ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಆ ಮಾತ್ರೆಯನ್ನು ಬಸುರಿಯರು ಪುಡಿಮಾಡಿ ಮುಟ್ಟಬಾರದೆಂಬ ಎಚ್ಚರಿಕೆಯ ಮೂಲ ಸಲಿನಾಸಿನಲ್ಲಿದೆ.

ಹಾರ್ಮೋನು ಇದ್ದೂ ಅದನ್ನು ಕೇಳಿಸಿಕೊಳ್ಳುವ ಗ್ರಾಹಿ ಇಲ್ಲದಿದ್ದರೆ? ಹುಡುಗಿಗೆ ಹದಿನಾರಾದರೂ ಮೈನೆರೆದಿಲ್ಲವೆಂದು ತಾಯಿ ಆಸ್ಪತ್ರೆಗೆ ಕರೆತರುತ್ತಾಳೆ. ಎತ್ತರವಾಗಿದ್ದಾಳೆ, ಎದೆ ಬೆಳೆದಿದೆ, ಕಂಕುಳಲ್ಲಿ ಕೂದಲಿಲ್ಲ, ಸ್ಕ್ಯಾನಿನಲ್ಲಿ ಗರ್ಭಕೋಶವಿಲ್ಲ. ವರ್ಣತಂತು ನೋಡಿದರೆ ಎಕ್ಸ್ ವೈ. ಹೊಟ್ಟೆಯೊಳಗಿನ ವೃಷಣ ಗಂಡಸಿನಷ್ಟೇ ಟೆಸ್ಟೋಸ್ಟೆರಾನ್ ಸುರಿಸುತ್ತಿದೆ, ಆದರೆ ದೇಹದ ಯಾವ ಕೋಶಕ್ಕೂ ಅದು ಕೇಳಿಸುತ್ತಿಲ್ಲ. ಅದರಲ್ಲೊಂದಷ್ಟು ಈಸ್ಟ್ರೋಜನ್ ಆಗಿ ಬದಲಾಗಿ ಎದೆ ಬೆಳೆಸಿದೆ. ಎಎಂಎಚ್ ತನ್ನ ಪಾಡಿಗೆ ಗರ್ಭಕೋಶವನ್ನು ಅಳಿಸಿದೆ. ಇದನ್ನು 1953ರಲ್ಲಿ ಯೇಲ್‌ನ ಜಾನ್ ಮಾರಿಸ್ ವಿವರಿಸಿದರು, ಇಂದಿನ ಹೆಸರು ಆಂಡ್ರೋಜನ್ ಸ್ಪಂದನಹೀನತೆ. ತೊಡೆಸಂದಿನ ಹರ್ನಿಯಾ ಇರುವ ಹೆಣ್ಣುಶಿಶುಗಳಲ್ಲಿ ನೂರಕ್ಕೆ ಒಂದೆರಡಕ್ಕೆ ಇದು ಇರುವುದರಿಂದ, ಎರಡೂ ಕಡೆ ಗಂಟು ಕಂಡರೆ ಸರ್ಜನ್ನರು ವಿಚಾರಿಸಿಯೇ ಮುಂದುವರಿಯಬೇಕು. ಅವಳು ಹೆಣ್ಣಾಗಿ ಬೆಳೆದಿದ್ದಾಳೆ, ತನ್ನನ್ನು ಹೆಣ್ಣೆಂದೇ ತಿಳಿದಿದ್ದಾಳೆ. ‘ನೀನು ನಿಜವಾಗಿ ಗಂಡು’ ಎಂದು ಅವಳಿಗೆ ಹೇಳುವ ವೈದ್ಯ ವಿಜ್ಞಾನವನ್ನೂ ಹೇಳಿದಂತಾಗಲಿಲ್ಲ, ಉಪಕಾರವನ್ನೂ ಮಾಡಿದಂತಾಗಲಿಲ್ಲ.

ಹರೆಯದ ಮಾತು ಬಂದದ್ದರಿಂದ ಅದರ ಬಗ್ಗೆ ನಾಲ್ಕು ಸಾಲು. ಹುಟ್ಟಿದ ಕೆಲವು ತಿಂಗಳು ಮಗುವಿನ ಲೈಂಗಿಕ ಹಾರ್ಮೋನುಗಳು ಒಮ್ಮೆ ಏರಿ ಇಳಿದು, ಆಮೇಲೆ ವರ್ಷಗಟ್ಟಲೆ ಮಲಗುತ್ತವೆ. ಮತ್ತೆ ಎಬ್ಬಿಸುವುದು ಮಿದುಳಿನ ಹೈಪೋಥಲಮಸ್ಸಿನ ಕೆಲವೇ ಸಾವಿರ ನರಕೋಶಗಳು. ಅವು ಸುರಿಸುವ ಹಾರ್ಮೋನಿನ ರಚನೆಯನ್ನು ಬಿಡಿಸಿದ ಶಾಲಿ ಮತ್ತು ಗಿಲೆಮಿನ್‌ರಿಗೆ 1977ರಲ್ಲಿ ನೊಬೆಲ್ ಬಂತು. ಅದು ಒಂದೇ ಸಮ ಹರಿದರೆ ಪ್ರಯೋಜನವಿಲ್ಲ, ಬಿಟ್ಟು ಬಿಟ್ಟು ಮಿಡಿಯಬೇಕು ಎಂಬುದನ್ನು ಮರುವರ್ಷ ಅರ್ನ್‌ಸ್ಟ್ ನೋಬಿಲ್ ಕೋತಿಗಳಲ್ಲಿ ತೋರಿಸಿದರು. ಈ ನರಕೋಶಗಳು ಹುಟ್ಟುವುದು ಮಿದುಳಿನಲ್ಲಲ್ಲ, ಭ್ರೂಣದ ಮೂಗಿನ ಬುಡದಲ್ಲಿ. ಅಲ್ಲಿಂದ ವಾಸನೆಯ ನರ ಹಿಡಿದು ಒಳಗೆ ನಡೆದು ಬರುತ್ತವೆ. ದಾರಿ ಕೆಟ್ಟರೆ ಹುಡುಗನಿಗೆ ಮಲ್ಲಿಗೆಯ ವಾಸನೆಯೂ ತಿಳಿಯದು, ಮೀಸೆಯೂ ಬಾರದು. ಇದಕ್ಕೆ ಕಾಲ್ಮನ್ ಸಿಂಡ್ರೋಮ್ ಎನ್ನುತ್ತಾರೆ. ಹದಿನಾಲ್ಕು ದಾಟಿದರೂ ವೃಷಣ ದೊಡ್ಡದಾಗದ ಹುಡುಗನಿಗೆ ವಾಸನೆ ಗೊತ್ತಾಗುತ್ತದೆಯೇ ಎಂದು ಕೇಳಲು ಖರ್ಚೇನೂ ಇಲ್ಲ. ಹಾರ್ಮೋನು ಚಿಕಿತ್ಸೆಯಿಂದ ಹರೆಯ ತರಿಸಬಹುದು, ಎಷ್ಟೋ ಮಂದಿ ತಂದೆಯೂ ಆಗುತ್ತಾರೆ.

ಇಷ್ಟೆಲ್ಲ ತಿರುವುಗಳಿವೆ ಎಂದು ಗೊತ್ತಾದ ಮೇಲೂ ಒಂದೇ ಪರೀಕ್ಷೆಯಲ್ಲಿ ಗಂಡು ಹೆಣ್ಣನ್ನು ಬೇರ್ಪಡಿಸಲು ಹೊರಟದ್ದು ಕ್ರೀಡಾಲೋಕ. 1966ರಲ್ಲಿ ಮಹಿಳಾ ಅಥ್ಲೀಟುಗಳನ್ನು ವೈದ್ಯರ ಮುಂದೆ ಬೆತ್ತಲೆ ನಿಲ್ಲಿಸಿದರು. ಅದು ನಾಚಿಕೆಗೇಡು ಎನಿಸಿದಾಗ ವರ್ಣತಂತು ಪರೀಕ್ಷೆ ತಂದರು. 1967ರಲ್ಲಿ ಪೋಲೆಂಡಿನ ಓಟಗಾರ್ತಿ ಏವಾ ಕ್ಲೊಬುಕೋವ್ಸ್ಕಾ ಅದರಲ್ಲಿ ಅನುತ್ತೀರ್ಣರಾದರು, ಮರುವರ್ಷ ಮಗು ಹೆತ್ತರು. 1985ರಲ್ಲಿ ಸ್ಪೇನಿನ ಮರಿಯಾ ಹೋಸೆ ಮಾರ್ಟಿನೆಸ್-ಪಟಿನ್ಯೊ ಆಂಡ್ರೋಜನ್ ಸ್ಪಂದನಹೀನತೆಯ ಕಾರಣಕ್ಕೆ ಹೊರಬಿದ್ದು, ಹೋರಾಡಿ 1988ರಲ್ಲಿ ಮರಳಿದರು. ಟೆಸ್ಟೋಸ್ಟೆರಾನಿನಿಂದ ಎಳ್ಳಷ್ಟೂ ಲಾಭ ಪಡೆಯಲಾಗದ ದೇಹ ಅವರದು ಎಂಬುದೇ ಇದರ ವ್ಯಂಗ್ಯ. ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದಾಗ ಎಂಟು ಮಂದಿಯಲ್ಲಿ ಎಸ್‌ಆರ್‌ವೈ ಸಿಕ್ಕಿತು, ಎಂಟೂ ಮಂದಿಯನ್ನು ಆಡಲು ಬಿಟ್ಟರು. 1999ರಲ್ಲಿ ಒಲಿಂಪಿಕ್ ಸಮಿತಿ ಆ ಪರೀಕ್ಷೆಯನ್ನು ಕೈಬಿಟ್ಟಿತು. ಆದರೂ ತಮಿಳುನಾಡಿನ ಶಾಂತಿ ಸೌಂದರರಾಜನ್ ಲಿಂಗ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಬೆಳ್ಳಿ ಕಳೆದುಕೊಂಡರು. ನಂತರ ಟೆಸ್ಟೋಸ್ಟೆರಾನ್ ಮಟ್ಟದ ಸರದಿ. 2014ರಲ್ಲಿ ಹೊರಗುಳಿದ ಒಡಿಶಾದ ದ್ಯುತಿ ಚಂದ್ ಮರುವರ್ಷ ಕ್ರೀಡಾ ನ್ಯಾಯಾಲಯದಲ್ಲಿ ಗೆದ್ದರು, ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ 2019ರಲ್ಲಿ ಸೋತರು. 2025ರ ಸೆಪ್ಟೆಂಬರಿನಿಂದ ವರ್ಲ್ಡ್ ಅಥ್ಲೆಟಿಕ್ಸ್ ಎಸ್‌ಆರ್‌ವೈ ಪರೀಕ್ಷೆಗೇ ಮರಳಿದೆ. ಅದನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ಆ ಜೀನನ್ನು ಕಂಡುಹಿಡಿದ ಸಿಂಕ್ಲೇರ್ ಅವರೇ ಒಬ್ಬರು. ಮಹಿಳಾ ವಿಭಾಗಕ್ಕೆ ಎಲ್ಲೋ ಒಂದು ಗೆರೆ ಬೇಕೆಂಬ ಕ್ರೀಡಾಸಂಸ್ಥೆಗಳ ವಾದ ಹುರುಳಿಲ್ಲದ್ದಲ್ಲ. ಆದರೆ ಜೀನ್ ಇದೆ ಎಂದರೆ ವೃಷಣ ಇದೆ ಎಂದಲ್ಲ, ವೃಷಣ ಇದೆ ಎಂದರೆ ದೇಹ ಅದರ ಮಾತು ಕೇಳಿದೆ ಎಂದಲ್ಲ. ಮೊದಲ ಹೆಜ್ಜೆಯನ್ನು ಅಳೆದು ಕೊನೆಯ ಹೆಜ್ಜೆಯ ತೀರ್ಪು ಕೊಡುವುದು ಹೇಗೆ?

ಆಸ್ಪತ್ರೆಗಳೂ ಇದಕ್ಕಿಂತ ಜಾಣತನ ತೋರಲಿಲ್ಲ. ಗಂಡೋ ಹೆಣ್ಣೋ ತಿಳಿಯದ ಶಿಶುವನ್ನು ಬೇಗ ಕೊಯ್ದು ಒಂದು ರೂಪಕ್ಕೆ ತಂದು, ಹಾಗೆಯೇ ಬೆಳೆಸಿದರೆ ಮನಸ್ಸೂ ಹೊಂದಿಕೊಳ್ಳುತ್ತದೆ ಎಂಬುದು ಅಮೆರಿಕದ ಜಾನ್ ಮನಿ ಅವರ ವಾದ. ಸುನ್ನತಿಯ ಅವಘಡದಲ್ಲಿ ಶಿಶ್ನ ಕಳೆದುಕೊಂಡು ಹೆಣ್ಣಾಗಿ ಬೆಳೆಸಲ್ಪಟ್ಟ ಕೆನಡಾದ ಹುಡುಗನ ಉದಾಹರಣೆಯನ್ನು ಅವರು ಯಶಸ್ಸೆಂದು ಸಾರಿದ್ದರು. ಆ ಹುಡುಗ ಹದಿಹರೆಯದಲ್ಲೇ ಗಂಡಾಗಿ ಮರಳಿದ್ದ ಎಂದು 1997ರಲ್ಲಿ ಬಯಲಾಯಿತು. 2004ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಅಷ್ಟರಲ್ಲಿ ಆ ವಾದ ಜಗತ್ತಿನ ಎಷ್ಟೋ ಶಿಶುಗಳ ಮೇಲೆ ಕತ್ತರಿಯಾಡಿಸಿತ್ತು. ಭಾರತದಲ್ಲಿ ಮದ್ರಾಸ್ ಹೈಕೋರ್ಟಿನ ಮದುರೆ ಪೀಠ 2019ರ ಏಪ್ರಿಲಿನಲ್ಲಿ ಶಿಶುಗಳಿಗೆ ಇಂಥ ಶಸ್ತ್ರಚಿಕಿತ್ಸೆ ನಿಷೇಧಿಸಬೇಕೆಂದಿತು. ಪ್ರಾಣಾಪಾಯವಿದ್ದರೆ ಮಾತ್ರ ವಿನಾಯಿತಿ ಕೊಟ್ಟು ತಮಿಳುನಾಡು ಸರ್ಕಾರ ಅದೇ ಆಗಸ್ಟಿನಲ್ಲಿ ಆದೇಶ ಹೊರಡಿಸಿತು. ಕರ್ನಾಟಕ ಆ ಆದೇಶವನ್ನು ಮುಂದಿಟ್ಟುಕೊಂಡು ತನ್ನದನ್ನು ಬರೆಯಬೇಕು.

ಪ್ರಾಣಾಪಾಯದ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಜನನಾಂಗದ ರೂಪ ಸಂದೇಹಾಸ್ಪದವಾಗಿ ಹುಟ್ಟುವ ಶಿಶುಗಳಲ್ಲಿ ಮುಖ್ಯ ಕಾರಣ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಒಂದು ಕಿಣ್ವದ ಕೊರತೆ. ಕಾರ್ಟಿಸಾಲ್ ತಯಾರಾಗದೆ ಆ ಕಚ್ಚಾ ಸಾಮಗ್ರಿ ಗಂಡು ಹಾರ್ಮೋನುಗಳತ್ತ ಹರಿದು ಹೆಣ್ಣುಶಿಶುವಿನ ಭಗಾಂಕುರ ದೊಡ್ಡದಾಗಿರುತ್ತದೆ. ಒಳಗೆ ಅಂಡಾಶಯ, ಗರ್ಭಕೋಶ ಎರಡೂ ನೆಟ್ಟಗಿರುತ್ತವೆ, ಮುಂದೆ ಅವಳು ತಾಯಿಯೂ ಆಗಬಲ್ಲಳು. ಆದರೆ ಹೆಚ್ಚಿನವರಲ್ಲಿ ದೇಹದ ಉಪ್ಪು ಮೂತ್ರದಲ್ಲಿ ಸೋರಿಹೋಗಿ, ಎರಡು ಮೂರು ವಾರದೊಳಗೆ ವಾಂತಿ, ನಿರ್ಜಲತೆ, ಸಾವು ಬರುತ್ತವೆ. ಗಂಡುಶಿಶುವಾದರೆ ಹೊರಗೆ ಗುರುತೇ ಇರುವುದಿಲ್ಲ, ಭೇದಿಯಿಂದ ಸತ್ತಿತು ಎಂದುಕೊಳ್ಳುತ್ತಾರೆ. 1950ರಿಂದ ಇದಕ್ಕೆ ಚಿಕಿತ್ಸೆಯಿದೆ, ಇಂದು ಅದು ಅಗ್ಗದ ಮಾತ್ರೆ. ಭಾರತದ ಐದು ನಗರಗಳಲ್ಲಿ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದ ಐಸಿಎಂಆರ್ ಅಧ್ಯಯನ ಸುಮಾರು 5,800 ಶಿಶುಗಳಿಗೆ ಒಂದರಂತೆ ಈ ತೊಂದರೆ ಕಂಡಿತು. ಬೇಕಾದ ಪರೀಕ್ಷೆ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತ, ಅದರಲ್ಲಿ 17-ಒಎಚ್‌ಪಿ ಎಂಬ ವಸ್ತುವಿನ ಮಟ್ಟ.

ಆದ್ದರಿಂದ ಹೆರಿಗೆ ಕೋಣೆಯಲ್ಲಿ ಗಂಡೋ ಹೆಣ್ಣೋ ಎಂದು ನೋಡಿದವರಿಗೆ ಅನುಮಾನ ಬಂದರೆ, ಊಹೆಯ ಮೇಲೆ ಏನನ್ನೂ ಬರೆಯಬೇಡಿ, ಸರ್ಜನ್ನರನ್ನು ಕರೆಯಲು ಅವಸರಪಡಬೇಡಿ. ಮೊದಲು ಆ ರಕ್ತಪರೀಕ್ಷೆಯನ್ನೂ ಸೋಡಿಯಂ, ಪೊಟ್ಯಾಸಿಯಂ ಮಟ್ಟವನ್ನೂ ಮಾಡಿಸಿ, ಮಕ್ಕಳ ಹಾರ್ಮೋನು ತಜ್ಞರಿಗೆ ತೋರಿಸಿ. ಹೆಸರಿಡಲು ಒಂದೆರಡು ವಾರ ಕಾದರೆ ಮಗುವಿಗೆ ಏನೂ ಆಗುವುದಿಲ್ಲ.